ಮುಷ್ಟಿಯಲ್ಲಿದ್ದ ಸಿಮ್

"ನನ್ನ ಫೋನ್ ಎಲ್ಲಿ?" ಎಂದು ಅವಳು ಕೇಳುವ ಹೊತ್ತಿಗೆ ಅದರ ಬ್ಯಾಟರಿ ಒಂದು ಬುಟ್ಟಿಯಲ್ಲಿತ್ತು, ಗಾಜು ಇನ್ನೊಂದರಲ್ಲಿ. ಬಿಚ್ಚಿದವನು ಪಕ್ಕದಲ್ಲೇ ಕೂತಿದ್ದ.

ತಪ್ಪು ಅವನೊಬ್ಬನದಲ್ಲ. ಹಳೇ ಮೊಬೈಲುಗಳನ್ನು ಬಿಚ್ಚಿ ಬೇರ್ಪಡಿಸುವ ಆ ಶೆಡ್ಡಿಗೆ ಯಾರೂ ಸ್ವಂತ ಫೋನ್ ತರುವಂತಿಲ್ಲ, ಗೇಟಿನಲ್ಲೇ ಇಟ್ಟು ಬರಬೇಕು. ಇವಳು ಕದ್ದು ತಂದು ಮೇಜಿನ ಮೇಲಿಟ್ಟಿದ್ದಳು. ಅದೋ ಗಾಜು ಒಡೆದು, ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡ ಮುದುಕಪ್ಪ. ಎಲ್ಲರೂ 'ಸ್ಕ್ರೂ' ಎಂದು ಕರೆಯುವ ಅವನು ಓರೆಗಣ್ಣಲ್ಲಿ ಅವಳ ಜಡೆ ನೋಡುತ್ತಲೇ ಆ ಫೋನನ್ನೂ ಬಿಚ್ಚಿ ಹಾಕಿದ್ದ.

"ಸಿಮ್ ಆದ್ರೂ ಹುಡುಕಿಕೊಡಿ," ಎಂದಳು. ಮುಖ ಬಿಳಿಚಿಕೊಂಡಿತ್ತು. "ಅಣ್ಣ ಕತ್ತರಿಯಲ್ಲಿ ಕತ್ತರಿಸಿದ್ದು, ಒಂದು ಮೂಲೆ ಸೊಟ್ಟಗಿದೆ. ಈಗ ಸೋದರತ್ತೆ ಫೋನ್ ಮಾಡ್ತಾರೆ."

"ಗೇಟಿಂದ ನನ್ನ ಫೋನ್ ತರಲಾ?"

"ಅತ್ತೆ ನಂಬರ್ ಬಾಯಿಗೆ ಬರಲ್ಲ. ಗಂಡಿನ ಕಡೆಯವರು ಅವರ ಮನೇಲೇ ಕೂತಿದ್ದಾರೆ. ನಾನು ಉತ್ತರ ಹೇಳಬೇಕು."

"ಸ್ಕ್ರೂ, ಸಿಮ್ ಡಬ್ಬಿ ಕಳಿಸೋ!" ಕತ್ತರಿಸುವ ಯಂತ್ರದ ಕಡೆಯಿಂದ ಮೇಸ್ತ್ರಿ ಕೂಗಿದ. ಇಬ್ಬರೂ ಡಬ್ಬಿಯನ್ನು ಮೇಜಿನ ಮೇಲೆ ಸುರುವಿಕೊಂಡರು.

ಸೊಟ್ಟ ಮೂಲೆಯದು ಅವನ ಬೆರಳಿಗೇ ಸಿಕ್ಕಿತು. ಹೇಳಲು ಬಾಯಿ ತೆರೆದ. ಕೈ ಮಾತ್ರ ಮುಷ್ಟಿ ಕಟ್ಟಿಕೊಂಡಿತು. ಫೋನ್ ಎತ್ತದಿದ್ದರೆ ಬಂದವರು ಮುನಿಸಿಕೊಂಡು ಎದ್ದು ಹೋಗುತ್ತಾರೆ. ಸಂಬಂಧ ಅಲ್ಲಿಗೇ ಮುರಿಯುತ್ತದೆ. ಯಾರಿಗೆ ಗೊತ್ತಾಗುತ್ತದೆ?

ಅವಳು ತಲೆ ಬಗ್ಗಿಸಿ ಹುಡುಕುತ್ತಲೇ ಇದ್ದಳು. ಸಿಮ್ ರಾಶಿಯ ಮೇಲೆ ಒಂದು ಹನಿ ಬಿತ್ತು. ಆ ಗಂಡು ಇವಳಿಗೆ ಅಷ್ಟೊಂದು ಇಷ್ಟವೇ? ಅವನ ಹೊಟ್ಟೆ ಉರಿಯಿತು. ಆದರೂ ಅವಳು ಅಳುವುದನ್ನು ನೋಡಿಕೊಂಡು ಕೂರುವುದು ಅವನಿಂದಾಗಲಿಲ್ಲ.

"ತಗೊಳ್ಳಿ," ಎಂದು ಮುಷ್ಟಿ ಬಿಚ್ಚಿದ. "ಆಗಲೇ ಸಿಕ್ಕಿತ್ತು."

ಅವಳು ಅವನನ್ನೇ ನೋಡಿದಳು. ಇನ್ನೂ ಜೀವವಿದೆ ಎಂದು ಬಿಚ್ಚದೆ ಎತ್ತಿಟ್ಟ ಫೋನುಗಳ ಕಪಾಟಿನಿಂದ ಅವನೇ ಒಂದನ್ನು ತಂದು ಸಿಮ್ ತೂರಿಸಿದ. ಸಿಗ್ನಲ್ ಬರುವವರೆಗೂ ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ಬಂದದ್ದೇ ತಡ, ರಿಂಗಾಯಿತು.

"ಅತ್ತೆ, ನಂಗೆ ಈ ಸಂಬಂಧ ಬೇಡ."

"ಮತ್ತೆ ಇನ್ಯಾರನ್ನ ಆಗ್ತೀಯೇ?" ಅತ್ತೆಯ ದನಿ ಅವನಿಗೂ ಕೇಳಿಸಿತು.

"ಒಬ್ಬರಿದ್ದಾರೆ. ಬಾಯಿ ಬಿಡಲ್ಲ."

ಫೋನ್ ಇಟ್ಟು ಅವನ ಕಡೆ ತಿರುಗಿದಳು. "ಎತ್ತದಿದ್ರೆ ಒಪ್ಪಿಗೆ ಅಂತಲೇ ತಿಳ್ಕೊಂಡು ಮಾತು ಕೊಟ್ಟುಬಿಡ್ತೀನಿ ಅಂದಿದ್ರು ಅತ್ತೆ. ಮೌನಂ ಸಮ್ಮತಿ ಲಕ್ಷಣಂ ಅಂತೆ."

ಅವನು ತನ್ನ ಖಾಲಿ ಮುಷ್ಟಿಯನ್ನು ನೋಡಿಕೊಂಡ.

"ಇನ್ನೊಂದು ಗಳಿಗೆ ಬಿಟ್ಟಿದ್ರೆ ನನ್ನ ಮದುವೆ ನೀವೇ ಮಾಡಿಸಿಬಿಡ್ತಿದ್ರಿ. ಯಾಕೆ ಬಚ್ಚಿಟ್ರಿ?"

"ನೀವು ಹೋಗಿಬಿಡ್ತೀರ ಅಂತ. ನಿಮ್ಮನ್ನ ಬಿಟ್ಟು ನಂಗೆ ಇರೋಕಾಗಲ್ಲ."

ಅವಳ ಒದ್ದೆ ಕಣ್ಣಲ್ಲಿ ನಗು ಇಣುಕಿತು. ಅದೇ ನಂಬರಿಗೆ ಮತ್ತೆ ಒತ್ತಿ, ಫೋನನ್ನು ಅವನ ಮುಷ್ಟಿಯೊಳಗಿಟ್ಟಳು.

"ಇದನ್ನೇ ಅತ್ತೆಗೆ ಹೇಳಿ. ಸುಮ್ಮನಿರಬೇಡಿ."

"ಹಲೋ, ಯಾರು?" ಎಂದರು ಅತ್ತೆ. ಅವನು ಗಂಟಲು ಸರಿಮಾಡಿಕೊಂಡ.