ಗೋಡೆಯಡಿಯ ಪೈಪು

“ನಲ್ಲಿ ಮುಟ್ಟಬೇಡ!”

ಮುನಿಗಂಗಪ್ಪನ ಕೈ ಗಾಳಿಯಲ್ಲೇ ನಿಂತಿತು. ನಾನು ಟೆಸ್ಟರನ್ನು ನಲ್ಲಿಗೆ ತಾಗಿಸಿದೆ.

ಕೆಂಪು ದೀಪ ಹೊತ್ತಿತು!

ಕೆಳಗೆ ಒದ್ದೆ ನೆಲ... ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಸಾವಿಗೆ ಇಷ್ಟು ಸಾಕು.

ನಾನು ನಿವೃತ್ತ ವಿದ್ಯುತ್ ಪರಿವೀಕ್ಷಕ. ಈಗ ಬಾಡಿಗೆ ಪತ್ತೇದಾರ. ಬೆಳಿಗ್ಗೆ ಶೆಡ್ಡಿನ ಯಜಮಾನ ಮುನಿಗಂಗಪ್ಪನ ಕೆಲಸದವಳೊಬ್ಬಳು ಇದೇ ನಲ್ಲಿ ಹಿಡಿದು ದೂರ ಬಿದ್ದಿದ್ದಳು. ಹೇಗೋ ಬದುಕಿದಳು. ಅದಕ್ಕೇ ನನಗೆ ಕರೆ ಬಂದಿತ್ತು.

ಮೇನ್ ಆಫ್ ಮಾಡಿದೆ. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ.

ಹಳೆಯ ಮೋಟಾರು ಕರೆಂಟು ಸೋರುತ್ತಿತ್ತು. ಅದರ ಅರ್ತ್ ತಂತಿಯನ್ನು ಇವನಪ್ಪ ಕಬ್ಬಿಣದ ನೀರಿನ ಪೈಪಿಗೆ ಬಿಗಿದಿದ್ದ. ಸೋರಿದ್ದೆಲ್ಲ ಪೈಪಿನ ದಾರಿಯಲ್ಲಿ ಮಣ್ಣು ಸೇರುತ್ತಿತ್ತು.

ಅಂಗಳ ಅಗೆದೆ. ಪೈಪು ಬೀದಿಯಿಂದ ಒಳಬರುವಲ್ಲಿ ಒಂದು ಗೇಣು ಪ್ಲಾಸ್ಟಿಕ್ ತುಂಡು... ಹೊಚ್ಚ ಹೊಸದು! ಕರೆಂಟಿನ ದಾರಿ ಅಲ್ಲೇ ಮುಚ್ಚಿತ್ತು; ಸೋರಿದ್ದೆಲ್ಲ ನಲ್ಲಿಯಲ್ಲೇ ನಿಂತಿತ್ತು.

“ಯಾರಿಗಪ್ಪಾ ನಿನ್ ಮೇಲೆ ಹೊಟ್ಟೆಕಿಚ್ಚು?”

“ಅಣ್ಣಂಗೇ ಸಾರ್. ಮಾರ್ಕೆಟ್ಟಲ್ಲಿ ನನ್ ನೂಲಿಗೇ ಮೊದ್ಲು ಹರಾಜು ಕೂಗ್ತಾರೆ. ಅತ್ಗೇನೂ ‘ತಮ್ಮನ್ ನೋಡಿ ಕಲೀರಿ’ ಅಂತಿರ್ತಾರೆ...”

ಅಣ್ಣ ಕೋನಪ್ಪನದು ಪಕ್ಕದ ಮನೆ. ನಿನ್ನೆ ಹೆಂಡತಿಯೊಡನೆ ಕೈವಾರದ ದೇವಸ್ಥಾನಕ್ಕೆ ಹೋದವನು ಆಗಷ್ಟೇ ಬಸ್ಸಿಳಿದಿದ್ದ. ಗುಂಡಿ ಕಂಡದ್ದೇ ಮನೆಯೊಳಗಿಂದ ರೆಂಚು ಹಿಡಿದು ನುಗ್ಗಿದ.

“ಏನ್ ತಾತಾ, ಯಾಕ್ ಅಗೀತಿದ್ದೀಯ? ತಲೆ ಒಡೀಲಾ?”

“ಒಡಿ. ಆಮೇಲೆ ಆ ನಲ್ಲೀಲಿ ಕೈ ತೊಳ್ಕೊ.”

ರೆಂಚು ಕೆಳಗಿಳಿಯಿತು.

“ಅವನ್ ನಲ್ಲಿ ನಾನ್ಯಾಕ್ ಮುಟ್ಲಿ? ನೂಲೂ ಅವಂದೇ, ಹೆಸ್ರೂ ಅವಂದೇ... ನಲ್ಲೀನೂ ಅವನೇ ಮಡಿಕ್ಕೊಳ್ಲಿ!”

ಗೋಡೆಯಾಚೆ ಅವನ ಹೆಂಡತಿ ಗಂಗುಲಮ್ಮನ ದನಿ. “ರೀ, ಕಾಫಿಗೆ ನೀರ್ ಹಿಡೀತೀನಿ, ಬನ್ರೀ!”

“ನಿನ್ ನಲ್ಲಿಗೂ ಇದೇ ಪೈಪು, ಕೋನಪ್ಪ,” ಎಂದೆ. “ಗೋಡೆ ಕೆಳಗೆ ಕವಲೊಡೆದಿದೆ. ನೀನು ಪ್ಲಾಸ್ಟಿಕ್ ಹಾಕಿದ್ದು ಬೀದಿ ಕಡೆ, ಕವಲಿಗಿಂತ ಮೊದ್ಲು.”

ರೆಂಚು ಬಿತ್ತು. ಅವನು ಗೋಡೆ ಹಾರಿದ! ನಾನೂ ಹಾರಿದೆ. ಮೊಣಕಾಲು ಶಪಿಸಿತು.

“ಗಂಗೂ! ನಲ್ಲಿ ಬಿಡೇ! ಕರೆಂಟೈತೆ ಕಣೇ! ಅವನಿಗೆ ಅಂತ... ನಾನೇ ಮಾಡಿದ್ದು ಕಣೇ!”

ಗಂಗುಲಮ್ಮ ಬಿಂದಿಗೆ ಹಿಡಿದು ನಿಂತಿದ್ದಳು. ಬದುಕಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಸ್ವಂತ ತಮ್ಮನಿಗಾ?” ಎಂದಳು.

ನಾನು ಜೇಬಿನಿಂದ ಫ್ಯೂಸ್ ತೆಗೆದು ತೋರಿಸಿದೆ. ಕೋನಪ್ಪ ಕುಸಿದು ಕುಳಿತ.

ಅಣ್ಣತಮ್ಮಂದಿರು ಮನೆ ಭಾಗಿಸಿದ್ದರು. ಅಂಗಳ ಭಾಗಿಸಿದ್ದರು. ಪೈಪು ಶೇಷವಾಗಿ ಉಳಿದಿತ್ತು.

ಭಾಗಾಕಾರದಲ್ಲಿ ಶೇಷ ಮರೆಯುವವನು ಕೊಲೆಗೆ ಕೈ ಹಾಕಬಾರದು!