ಬೆಣ್ಣೆಯಿಂದ ತೆಗೆದ ಕೂದಲು

ಕಿಟಕಿಯ ಪಕ್ಕ ಹದಿನೇಳು ಪೆಟ್ಟಿಗೆಗಳಿರಬೇಕಿತ್ತು. ಭೂತಗನ್ನಡಿ ಎರಡು ಸಲ ಎಣಿಸಿದಳು. ಎರಡು ಸಲವೂ ಹದಿನಾರೇ.

ಅವಳು ಗುಣಮಟ್ಟ ಪರೀಕ್ಷಕಿ. ಕೂದಲೆಳೆಯಷ್ಟು ಬಿರುಕಿದ್ದರೂ ಬಿಡಿಭಾಗವನ್ನು ತಿರಸ್ಕರಿಸುವವಳು. ಹಾಗಾಗಿ ಆ ಅಡ್ಡಹೆಸರು. ಕಾಣೆಯಾದ ಪೆಟ್ಟಿಗೆಯನ್ನು ನಿನ್ನೆ ಮೂರು ಗಂಟೆಗೆ ಮುಚ್ಚಿ, ಬದಿಗೆ 'ಕುಟುಂಬ ವಿವರ' ಎಂಬ ಚೀಟಿ ಅಂಟಿಸಿ, ಅಲ್ಲಿಟ್ಟವಳು ಅವಳೇ.

ಕಚೇರಿ ಹತ್ತು ದಿನಗಳಲ್ಲಿ ಬೇರೆ ಊರಿಗೆ ಹೋಗಲಿತ್ತು. ಯಾರ ಮಗುವಿಗೆ ಶಾಲೆ ಬೇಕು, ಯಾರ ಗಂಡನಿಗೆ ಕೆಲಸ ಬೇಕು ಎಂದು ನಲವತ್ತಮೂರು ನೌಕರರು ಬರೆದುಕೊಟ್ಟ ಅರ್ಜಿಗಳು ಆ ಪೆಟ್ಟಿಗೆಯಲ್ಲಿದ್ದವು. ಅವಳದ್ದರಲ್ಲಿದ್ದದ್ದು ಒಂದೇ ಸಾಲು: ಅತ್ತೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಆಸ್ಪತ್ರೆಯ ಹತ್ತಿರ ಮನೆ ಬೇಕು. "ನಿನ್ನ ಆಫೀಸು ಗಂಟುಮೂಟೆ ಕಟ್ಟಿದ್ರೆ ನನ್ನ ರಕ್ತ ತೊಳೆಯೋ ಯಂತ್ರಾನೂ ಹಿಂದೆ ಬರುತ್ತೇನೇ?" ಎಂದು ಅತ್ತೆ ನಗುತ್ತಲೇ ಕೇಳಿದ್ದರು. ಕೇಳುವಾಗ ಅವಳ ಕೈ ಬಿಟ್ಟಿರಲಿಲ್ಲ.

ಇಂದು ಮಧ್ಯಾಹ್ನ ಹನ್ನೆರಡರೊಳಗೆ ಅರ್ಜಿ ನಿರ್ದೇಶಕರ ಮೇಜಿಗೆ ಸೇರದಿದ್ದರೆ ಆ ನೌಕರರು ಬರಲು ಒಪ್ಪಿಲ್ಲವೆಂದೇ ಅರ್ಥ. ಕೆಲಸ ಹೋದ ಹಾಗೆ. ಈಗ ಒಂಬತ್ತೂವರೆ. ಲಗತ್ತಿಸಿದ್ದ ಶಾಲೆ, ಆಸ್ಪತ್ರೆಗಳ ಪತ್ರಗಳನ್ನು ಎರಡೂವರೆ ಗಂಟೆಯಲ್ಲಿ ಮತ್ತೆ ತರುವುದೆಲ್ಲಿಂದ?

"ಏನಮ್ಮಾ, ಮುಖ ಕೆಂಡ ಆಗಿದೆ?"

ಸಿಬ್ಬಂದಿ ವ್ಯವಸ್ಥಾಪಕರು. ಸ್ಥಳಾಂತರದ ಹೊಣೆ ಅವರದೇ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಚೇರಿ ಸಾಗಿಸುತ್ತೇನೆಂದು ಮೂರು ತಿಂಗಳಿಂದ ಹೇಳಿಕೊಂಡು, ಬೆಣ್ಣೆ ಸಾಹೇಬ ಎಂದೇ ಹೆಸರಾಗಿದ್ದರು.

"ಅರ್ಜಿ ಪೆಟ್ಟಿಗೆ ಇಲ್ಲ, ಸಾರ್."

"ಅಯ್ಯೋ! ನಿನ್ನೆ ಮಧ್ಯಾಹ್ನ ಎರಡಕ್ಕೆ ಹೋದವನು ಈಗಷ್ಟೇ ಕಾಲಿಡ್ತಿದ್ದೀನಿ. ರದ್ದಿ ಲಾರಿಗೆ ಹೋಗಿರುತ್ತೆ ಬಿಡಿ. ಮುಚ್ಚಳದ ಮೇಲೆ 'ರದ್ದಿ' ಅಂತ ಚೀಟಿ ಅಂಟಿಸಿಬಿಟ್ರೆ ಇನ್ನೆಲ್ಲಿಗೆ ಹೋಗುತ್ತೆ? ಈ ಮೇಸ್ತ್ರಿ ಕಡೆಯವರಿಗೆ ನಾಲ್ಕಕ್ಷರ ಬಂದ್ರೆ ತಾನೇ!"

ಸಾಮಾನು ಕಟ್ಟುವ ತಂಡದ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಅವನು ಒಂದು ಹೆಜ್ಜೆ ಒಳಗಿಟ್ಟ.

"ಗೋಡೆ ಪಕ್ಕದ್ದೆಲ್ಲ ರದ್ದಿ, ಕಿಟಕಿ ಪಕ್ಕದ್ದು ಹೊಸ ಆಫೀಸಿಗೆ ಅಂದ್ರಿ. ಸಂಜೆ ಆರಕ್ಕೆ ಗೋಡೆ ಪಕ್ಕದ್ದು ಮಾತ್ರ ಎತ್ತಿದ್ವಿ. ಕಿಟಕಿ ಹತ್ರ ಕೈ ಹಾಕಿಲ್ಲ."

"ಕಳ್ಳನಿಗೊಂದು ಪಿಳ್ಳೆ ನೆವ! ನಾಳೆಯಿಂದ ನಿಮ್ಮ ತಂಡ ಬೇಡ."

ಭೂತಗನ್ನಡಿಗೆ ಮೈಯೆಲ್ಲ ಉರಿಯಿತು. ಆದರೆ ಅವಳು ಕೇಳಿದ್ದು ಮೇಸ್ತ್ರಿಯನ್ನು. "ಆ ಲಾರಿ ಈಗೆಲ್ಲಿ?"

"ಕಾಗದ ಅರೆಯೋ ಕಾರ್ಖಾನೆ ಅಂಗಳದಲ್ಲಿ, ಅಕ್ಕ. ಹತ್ತಕ್ಕೆ ಇಳಿಸ್ತಾರೆ."

"ನಡೀರಿ!"

ಅವನ ವ್ಯಾನು ಅಂಗಳ ಮುಟ್ಟಿದಾಗ ಅರೆಯುವ ಯಂತ್ರ ಗುರುಗುಟ್ಟುತ್ತಿತ್ತು. ಮೇಸ್ತ್ರಿ ಲಾರಿ ಹತ್ತಿದ. ಎರಡನೆಯ ಸಾಲಿನಲ್ಲಿ, ಇನ್ನೊಂದು ಪೆಟ್ಟಿಗೆಯ ಅಡಿಯಲ್ಲಿ, ಅದು ಸಿಕ್ಕಿತು. ಬದಿಯ ಚೀಟಿ ಕಿತ್ತುಹೋಗಿತ್ತು. ರಟ್ಟಿನ ಮೇಲ್ಪದರವೂ ಸುಲಿದಿತ್ತು. ಮುಚ್ಚಳದ ನಟ್ಟನಡುವೆ ಹೊಸ ಚೀಟಿ: ರದ್ದಿ.

"ಇದು ನಿಮ್ಮವರು ಅಂಟಿಸಿದ್ದಾ?"

ಮೇಸ್ತ್ರಿ ನಕ್ಕುಬಿಟ್ಟ. "ಮುಚ್ಚಳದ ಮೇಲಾ? ಒಂದರ ಮೇಲೊಂದು ಪೇರಿಸಿದ್ರೆ ಯಾರಿಗಕ್ಕ ಕಾಣುತ್ತೆ? ನಾವು ಯಾವತ್ತೂ ಬದಿಗೇ ಅಂಟಿಸೋದು. ಜನ್ಮದಲ್ಲಿ ಪೆಟ್ಟಿಗೆ ಪೇರಿಸದವರ ಕೆಲಸ ಇದು."

ಅವಳು ಮುಚ್ಚಳ ನೋಡುತ್ತ ಒಂದು ಕ್ಷಣ ನಿಂತಳು. ಆಮೇಲೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ವ್ಯಾನು ಹತ್ತಿದಳು.

ಹನ್ನೊಂದೂಮುಕ್ಕಾಲಿಗೆ ಪೆಟ್ಟಿಗೆ ನಿರ್ದೇಶಕರ ಮೇಜಿನ ಮೇಲಿತ್ತು. ಎದುರಿಗೆ ಬೆಣ್ಣೆ ಸಾಹೇಬರು.

"ಸಿಕ್ತಲ್ಲ, ಒಳ್ಳೇದಾಯ್ತು," ಎಂದರು ಅವರು. "ಮೇಸ್ತ್ರಿ ತಪ್ಪು. ಮುಗೀತು."

"ಮುಗಿದಿಲ್ಲ, ಸಾರ್. ಮೇಸ್ತ್ರಿ ಕಡೆಯವರು ಚೀಟಿ ಅಂಟಿಸೋದು ಬದಿಗೆ. ಕಿಟಕಿ ಹತ್ರ ಇರೋ ಹದಿನಾರನ್ನೂ ನೋಡಿ. ಮುಚ್ಚಳದ ಮೇಲೆ ಚೀಟಿ ಇರೋದು ಇದೊಂದಕ್ಕೇ."

"ಯಾರೋ ಅಂಟಿಸಿರಬಹುದು—"

"ಮೂರು ಗಂಟೆಗೆ ನಾನು ಕಿಟಕಿ ಹತ್ರ ಇಟ್ಟಾಗ ಈ ಚೀಟಿ ಇರಲಿಲ್ಲ. ಆರಕ್ಕೆ ಇದು ಗೋಡೆ ಪಕ್ಕದಿಂದ ಲಾರಿ ಹತ್ತಿತ್ತು. ನೀವು ಎರಡಕ್ಕೇ ಹೋಗಿದ್ರಿ. ಅಲ್ವಾ?"

"ಹೌದು, ಹೇಳಿದ್ನಲ್ಲ!"

"ಹಾಗಾದ್ರೆ ಬೆಳಿಗ್ಗೆ ಒಂಬತ್ತೂವರೆಗೆ, ಪೆಟ್ಟಿಗೆ ಎಲ್ಲಿದೆ ಅಂತ್ಲೇ ಯಾರಿಗೂ ಗೊತ್ತಿಲ್ದಾಗ, ಮುಚ್ಚಳದ ಮೇಲೆ ರದ್ದಿ ಅಂತ ಚೀಟಿ ಇತ್ತು ಅಂದ್ರಲ್ಲ. ಯಾವ ಕಣ್ಣಲ್ಲಿ ನೋಡಿದ್ರಿ?"

ಸಾಹೇಬರು ಮುಚ್ಚಳದ ಚೀಟಿಯ ಮೇಲೆ ಕೈಯಿಟ್ಟರು.

ನಿರ್ದೇಶಕರು ಕಡತದಿಂದ ಒಂದು ಹಾಳೆ ಎಳೆದರು. "ನಿಮ್ಮ ವರದಿ. 'ಮನೆ, ಶಾಲೆ, ಆಸ್ಪತ್ರೆ—ಎಲ್ಲ ಸಿದ್ಧ. ನೌಕರರಿಂದ ಒಂದೂ ಬೇಡಿಕೆ ಬಾಕಿ ಇಲ್ಲ.' ಇವೇನು ಹಾಗಾದ್ರೆ?"

"ಇವರು ಒಂದು ಮನೇನೂ ನೋಡಿಲ್ಲ," ಎಂದಳು ಭೂತಗನ್ನಡಿ. "ಈ ಅರ್ಜಿಗಳು ಇಲ್ಲಿಗೆ ಬಂದಿದ್ರೆ ಅದು ಹೊರಗೆ ಬೀಳ್ತಿತ್ತು. ಅದಕ್ಕೇ ನಲವತ್ತಮೂರು ಮನೆ ಅರೆಯೋಕೆ ಕಳಿಸಿದ್ರು. ಅದೂ ಸಾಲದು ಅಂತ ಬೆವರು ಸುರಿಸಿ ದುಡಿಯೋ ಮೇಸ್ತ್ರಿ ತಲೆಗೆ ಕಟ್ಟಿದ್ರು."

"ಸುಸೂತ್ರವಾಗಿ ಆಗ್ಲಿ ಅಂತ..." ಸಾಹೇಬರು ತೊದಲಿದರು. "ಬೆಣ್ಣೆಯಿಂದ ಕೂದಲು—"

"ಗೊತ್ತು ಸಾರ್. ಆ ಕೂದಲು ನಾವೇ."

ಸಾಹೇಬರು ಮೆಲ್ಲನೆ ಕುರ್ಚಿ ಹಿಂದೆ ಸರಿಸಿದರು. ಆದರೆ ಬಾಗಿಲಿಗೆ ಒರಗಿ, ಕೈಕಟ್ಟಿ ನಿಂತಿದ್ದ ಮೇಸ್ತ್ರಿ ಕದಲಲಿಲ್ಲ.

"ಕೂತ್ಕೊಳ್ಳಿ," ಎಂದರು ನಿರ್ದೇಶಕರು.

ಭೂತಗನ್ನಡಿ 'ರದ್ದಿ' ಚೀಟಿಯನ್ನು ಸುಲಿದು ಸಾಹೇಬರ ಮುಂದಿಟ್ಟಳು. ಮೊದಲ ಅರ್ಜಿ ತೆಗೆದು ಗಟ್ಟಿಯಾಗಿ ಓದತೊಡಗಿದಳು. ಇನ್ನೂ ನಲವತ್ತೆರಡಿದ್ದವು.