ಮುನ್ನೂರ ಹನ್ನೆರಡು ಜನ, ಒಂದೇ ನಂಬರ್

"ಫೋನ್ ಕೊಡು."

ಲೋಕಲ್ ರೈಲಿನ ಬಾಗಿಲಲ್ಲಿ ನಾನು ಅರ್ಧ ಹೊರಗೆ ಜೋತುಬಿದ್ದಿದ್ದೆ. ಎಡಗೈಯಲ್ಲಿ ಕಂಬಿ. ಬಲಗೈ ಒಳಜೇಬಿನ ಮೇಲೆ. ನನ್ನ ಕಾಲರ್ ಮಾತ್ರ ಬೂಬನ ಮುಷ್ಟಿಯಲ್ಲಿ.

ಡೊಂಬಿವಲಿ ಹಿಂದೆ ಸರಿದಿತ್ತು. ಮುಂದೆ ಕೋಪರ್. ಹಳಿ ಪಕ್ಕದ ಕಂಬಗಳು ಕಿವಿಯ ಹತ್ತಿರದಿಂದ ಸುಂಯ್... ಸುಂಯ್... ಅಂತ ಹೋಗುತ್ತಿದ್ದವು. ಈ ಲೈನಿನಲ್ಲಿ ಬಾಗಿಲಿನಿಂದ ಬಿದ್ದವನಿಗೆ ಪೇಪರಿನಲ್ಲಿ ಎರಡು ಸಾಲು. ಹೆಸರು ಗೊತ್ತಾದರೆ ಮೂರು.

"ಕೊಡೂದಿಲ್ಲ ಅಂದ್ರ?"

"ಆಗ ನೀನೂ ಹೋಗ್ತಿ, ಫೋನೂ ಹೋಗ್ತದೆ. ನನಗೆ ಎರಡೂ ಒಂದೇ ಮಾರಾಯ."

ಬೂಬ ಉಡುಪಿ ಕಡೆಯವನು. ಆರಡಿ ಎತ್ತರ. ಪಕ್ಷದ ಸಭೆಗಳಲ್ಲಿ ವೇದಿಕೆಯ ಪಕ್ಕ ಕೈ ಕಟ್ಟಿ ನಿಲ್ಲುವುದೇ ಅವನ ಉದ್ಯೋಗ. ಸುತ್ತ ನೂರು ಜನ ಪ್ಯಾಸೆಂಜರುಗಳಿದ್ದರು. ಎಲ್ಲರೂ ತಂತಮ್ಮ ಮೊಬೈಲ್ ನೋಡುತ್ತಿದ್ದರು.

ಅವನ ಮಣಿಕಟ್ಟನ್ನು ಕಚ್ಚಿದೆ. ಬಾಯಿಗೆ ಉಪ್ಪು ಹತ್ತಿತು. ಮುಷ್ಟಿ ಸಡಿಲಾಯಿತು. ಕೋಪರ್ ಪ್ಲಾಟ್‌ಫಾರ್ಮ್ ಬಂದದ್ದೇ ತಡ, ರೈಲು ನಿಲ್ಲುವ ಮೊದಲೇ ಹಾರಿದೆ.

ಆರಡಿ ಆಳು ಒಂದು ಕಡಿತಕ್ಕೆ ಬಿಟ್ಟುಬಿಟ್ಟನಲ್ಲ, ಯಾಕೆ?

ಆಗ ಆ ಪ್ರಶ್ನೆ ಬರಲಿಲ್ಲ ನೋಡಿ. ಬರಬೇಕಿತ್ತು.

ನಾನು ರೇವಣಸಿದ್ದ. ಇಂಡಿ ತಾಲೂಕಿನವನು. ಊರ ಶಾಲೆಯಲ್ಲಿ ಏಳನೆಯ ಇಯತ್ತೆ. ಕೋಪರಿನ ಮುಂದಿನ ಸ್ಟೇಷನ್ ದಿವಾ; ಅಲ್ಲಿಯ ನಾಕಾದಲ್ಲಿ ಇಪ್ಪತ್ತೆರಡು ವರ್ಷದಿಂದ ಮುಕಾದಮ. ಬೆಳಿಗ್ಗೆ ಕೂಲಿಯವರು ಬುಟ್ಟಿ, ಸಲಿಕೆ ಹಿಡಿದು ನಿಲ್ಲುವ ಮೂಲೆಗೆ ನಾಕಾ ಅನ್ನುತ್ತಾರೆ. ಬಿಲ್ಡರಿಗೆ ಆಳು ಬೇಕಾದರೆ ನನಗೆ ಹೇಳುತ್ತಾನೆ. ಆಳಿಗೆ ಕೂಲಿ ಸಿಗದಿದ್ದರೆ ನಾನು ಬಿಲ್ಡರಿನ ಕಾಲರ್ ಹಿಡಿಯುತ್ತೇನೆ. ಸಿಟ್ಟು ಬೇಗ ಬರುತ್ತದೆ ಅಂತ ಜನ ಅನ್ನುತ್ತಾರೆ. ಈ ಕೆಲಸಕ್ಕೆ ಅದೇ ಬಂಡವಾಳ.

ಇನ್ನು ಫೋನಿನ ವಿಷಯ.

ನಮ್ಮ ನಾಕಾದಲ್ಲಿ ಒಂದು ರೂಢಿ ಇದೆ. ಯಾವ ಫಾರ್ಮಿನಲ್ಲಿ ಮೊಬೈಲ್ ನಂಬರ್ ಕೇಳಿದರೂ ಮುಕಾದಮನ ನಂಬರ್ ಬರೆಸುವುದು. ಆಸ್ಪತ್ರೆ ಚೀಟಿ, ಗ್ಯಾಸ್, ಮಕ್ಕಳ ಶಾಲೆ... ಎಲ್ಲಕ್ಕೂ ನನ್ನದೇ. ಕೂಲಿಯವರ ಸಿಮ್ ರೀಚಾರ್ಜ್ ಇಲ್ಲದೆ ಸಾಯುತ್ತಿರುತ್ತದೆ. ಊರಿಗೆ ಹೋದವರು ಬೇರೆ ಸಿಮ್ ಹಾಕಿಕೊಂಡು ಬರುತ್ತಾರೆ. ಮುಕಾದಮನ ನಂಬರ್ ಮಾತ್ರ ಬದಲಾಗುವುದಿಲ್ಲ. ಅದು ಅವರು ನನ್ನ ಮೇಲಿಟ್ಟ ನಂಬಿಕೆ.

ಈ ಸಲ ಪಾಲಿಕೆ ಚುನಾವಣೆಗೆ ಆ ಪಕ್ಷ ಒಂದು ಹೊಸ ಮಾತು ಹೇಳಿತು. ಹೆಸರು ಬೇಡ ಬಿಡಿ. ಟಿಕೆಟ್ ಯಾರಿಗೆ ಅಂತ ಠಾಣೆ ಶಹರದ ಪಕ್ಷದ ಆಫೀಸು ಹೇಳುವುದಿಲ್ಲವಂತೆ. ವಾರ್ಡಿನ ಸದಸ್ಯರೇ ವೋಟು ಹಾಕಿ ಆರಿಸುತ್ತಾರಂತೆ. ನಾಕಾದ ಗೋಡೆಯ ತುಂಬ ಪೋಸ್ಟರ್ ಬಿತ್ತು: 'ನಿಮ್ಮ ಅಭ್ಯರ್ಥಿ, ನಿಮ್ಮದೇ ಆಯ್ಕೆ.'

ನಮ್ಮವರು ಅದನ್ನು ನಂಬಿ ಪಕ್ಷದ ಸದಸ್ಯತ್ವದ ಫಾರ್ಮ್ ತುಂಬಿದರು. ನಾನೂ ನಂಬಿದೆ.

ಕಣದಲ್ಲಿ ಇಬ್ಬರು. ಒಬ್ಬಳು ಮರಗಮ್ಮ. ರಾಯಚೂರು ಕಡೆಯವಳು, ಸಿಮೆಂಟ್ ಕಲಸುವವಳು. ಎರಡು ವರ್ಷದ ಹಿಂದೆ ನಮ್ಮ ಚಾಳಿನ ಸಾಲುಮನೆಗಳಿಗೆ ಎಂಟು ದಿನ ನೀರು ಬರಲಿಲ್ಲ. ಖಾಲಿ ಕೊಡ ಇಟ್ಟುಕೊಂಡು ರೈಲ್ವೆ ಫಾಟಕದ ರಸ್ತೆಯಲ್ಲಿ ಕೂತಳು. ಪೊಲೀಸರು ಎಬ್ಬಿಸಿದರೆ ಏಳಲಿಲ್ಲ. ಮೂರನೆಯ ದಿನ ನಲ್ಲಿ ಬಂತು. ಅದರಲ್ಲಿ ಇವತ್ತಿಗೂ ನೀರು ದಿನಕ್ಕೆ ಇಪ್ಪತ್ತೇ ನಿಮಿಷ. ದೊಡ್ಡ ಪೈಪ್ ಹಾಕಿಸಬೇಕಾದರೆ ನಮ್ಮವರೊಬ್ಬರು ಪಾಲಿಕೆಯಲ್ಲಿ ಕೂರಬೇಕು. ಅದಕ್ಕೇ ಮರಗಮ್ಮ.

ಇನ್ನೊಬ್ಬ ಸುಪ್ರೀತ್. ಮೈಸೂರಿನವರ ಮಗ, ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ನೌಕರಿ, ಹೊಸ ಟವರಿನ ಹನ್ನೆರಡನೆಯ ಮಹಡಿಯಲ್ಲಿ ಮನೆ. ಮಾವ ಪಕ್ಷದ ನಗರಾಧ್ಯಕ್ಷ. ಆ ಟವರಿಗೆ ಇಪ್ಪತ್ತನಾಲ್ಕು ತಾಸು ನೀರು.

ವೋಟು ಹಾಕುವ ಕ್ರಮ ಹೀಗೆ: ದಿವಾದ ಮಂಗಲ ಕಾರ್ಯಾಲಯದಲ್ಲಿ ಟೇಬಲ್. ಹೆಸರು ಕರೆದ ಕೂಡಲೇ ಫಾರ್ಮಿನಲ್ಲಿರುವ ಮೊಬೈಲಿಗೆ ಆರಂಕಿಯ ಓಟಿಪಿ ಬರುತ್ತದೆ. ಅದನ್ನು ಹೇಳಿದರೆ ವೋಟಿನ ಚೀಟಿ ಕೈಗೆ.

ಫಾರ್ಮಿನಲ್ಲಿ ನನ್ನ ನಂಬರ್ ಇದ್ದವರು ಮುನ್ನೂರ ಹನ್ನೆರಡು ಜನ.

ಗೊತ್ತಾಯಿತಲ್ಲ? ಆ ಫೋನ್ ಹೋದರೆ ಮರಗಮ್ಮ ಹೋದಳು.

ವೋಟಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ನನಗೊಂದು ಕಾಲ್ ಬಂತು. ಕಲ್ಯಾಣದ ಸೈಟಿನಲ್ಲಿ ಪರಾಂಚಿ, ಅಂದರೆ ಗೋಡೆಗೆ ಕಟ್ಟಿದ ಬಿದಿರಿನ ಅಟ್ಟ, ಕುಸಿದಿದೆ, ನಿನ್ನ ಇಬ್ಬರು ಆಳು ಕೆಳಗೆ ಸಿಕ್ಕಿದ್ದಾರೆ ಅಂತ. ಮುಕಾದಮ ಆದವನು ಹೋಗದೆ ಇರುತ್ತಾನಾ? ಓಡಿದೆ. ಪರಾಂಚಿ ನೆಟ್ಟಗೆ ನಿಂತಿತ್ತು. ಅದರ ಕೆಳಗೆ ಬೂಬ ಮೂರು ಬೈಕಿನವರ ಜೊತೆ ನಿಂತಿದ್ದ.

ಅಲ್ಲಿಂದ ತಪ್ಪಿಸಿಕೊಂಡು ಗಲ್ಲಿ ಗಲ್ಲಿ ತಿರುಗಿದೆ. ಮತ್ತೊಂದು ಕಾಲ್. ಬೂಬನ ದನಿ.

"ಫೋನ್ ಆನ್ ಇಟ್ಟುಕೊಂಡು ಎಲ್ಲಿಗೆ ಓಡ್ತಿ ಮುಕಾದಮ? ಮ್ಯಾಪಿನಲ್ಲಿ ಕಾಣ್ತಾ ಉಂಟು ನೀನು."

ತಕ್ಷಣ ಸ್ವಿಚ್ ಆಫ್ ಮಾಡಿದೆ. ನನ್ನ ಬುದ್ಧಿಗೆ ನಾನೇ ಶಾಬಾಸ್ ಅಂದುಕೊಂಡೆ.

ಎರಡು ತಾಸು ಹೀಗೇ ಹೋಯಿತು. ಕೊನೆಗೆ ಕಲ್ಯಾಣ ಸ್ಟೇಷನ್ನಿನ ಜನಜಂಗುಳಿಯಲ್ಲಿ ನುಗ್ಗಿ ರೈಲು ಹತ್ತಿದೆ. ಬೂಬನೂ ಹತ್ತಿದ. ಕೋಪರಿನಲ್ಲಿ ನಾನು ಹಾರಿದ ಕತೆ ಆಗಲೇ ಹೇಳಿದೆ.

ಸ್ಟೇಷನ್ ಹೊರಗೆ ಅದೇ ಮೂರು ಬೈಕು ಕಾಯುತ್ತಿದ್ದವು.

ಓಡಿದೆ. ನಲವತ್ತೊಂಬತ್ತರ ಮೊಣಕಾಲು. ಸಮುದ್ರದ ಹಿನ್ನೀರಿನ ಖಾಡಿಯ ಕಡೆಗೆ ಉಸುಕು, ಇಟ್ಟಿಗೆ ಮಾರುವ ಒಂದು ಅಂಗಳ ಸಿಕ್ಕಿತು. ಸಿಮೆಂಟ್ ಪೈಪುಗಳ ರಾಶಿಯ ಹಿಂದೆ ಕುಕ್ಕರಿಸಿದೆ. ಕೈಗೆ ಒಂದು ಹಾರೆ ಸಿಕ್ಕಿತು. ಒಳಗೆ ಬಂದವನ ತಲೆ ಒಡೆಯುವುದು ಅಂತ ಖಾತ್ರಿ ಮಾಡಿಕೊಂಡೆ.

ಯಾರೂ ಒಳಗೆ ಬರಲಿಲ್ಲ.

ಪೈಪಿನ ತೂತಿನಿಂದ ನೋಡಿದೆ. ಮೂರೂ ಬೈಕು ಗೇಟಿನ ಹತ್ತಿರ ನಿಂತಿದ್ದವು. ಒಬ್ಬ ವಡಾಪಾವ್ ತಿನ್ನುತ್ತಿದ್ದ. ಇನ್ನೊಬ್ಬ ಕನ್ನಡಿಯಲ್ಲಿ ತಲೆ ಬಾಚುತ್ತಿದ್ದ. ನನ್ನ ಹಾರೆಗೆ ಹೆದರಿದ್ದಾರೆ ಅಂದುಕೊಂಡೆ.

ಸ್ವಲ್ಪ ಹೊತ್ತಾಯಿತು. ತಿಂದು ಮುಗಿಸಿದವನು ವಾಚು ನೋಡಿದ. "ಚಲೋ, ಹೋ ಗಯಾ," ಅಂದ. ಬೈಕು ಸ್ಟಾರ್ಟ್ ಆದವು. ಹೋದವು.

ನನ್ನ ವಾಚಿನಲ್ಲಿ ಹನ್ನೆರಡು ಗಂಟೆ ಐದು ನಿಮಿಷ.

ನಕ್ಕೆ. ರೇವಣಸಿದ್ದನನ್ನು ಹಿಡಿಯುವ ಗಂಡು ಈ ಲೈನಿನಲ್ಲಿ ಹುಟ್ಟಿಲ್ಲ ಅಂತ ಗಟ್ಟಿಯಾಗಿಯೇ ಹೇಳಿಕೊಂಡೆ. ವೋಟಿಂಗ್ ನಾಲ್ಕರವರೆಗೆ. ಬೇಕಾದಷ್ಟು ಟೈಮ್ ಇದೆ!

ಹಳಿಯ ಪಕ್ಕದ ದಾರಿ ಹಿಡಿದು ನಡೆದೆ. ದಿವಾ ಮುಟ್ಟಿದಾಗ ಹನ್ನೆರಡು ಐವತ್ತು.

ಕಾರ್ಯಾಲಯದ ಮುಂದೆ ನಮ್ಮವರ ಸಾಲು. ಮುನ್ನೂರ ಹನ್ನೆರಡು ಜನ ಒಂದು ದಿನದ ಕೂಲಿ ಬಿಟ್ಟು ಬಿಸಿಲಲ್ಲಿ ನಿಂತಿದ್ದರು. ಮುಪ್ಪಿನ ಸಿದ್ರಾಮ ಕ್ಷೌರ ಮಾಡಿಸಿಕೊಂಡು, ಒಗೆದ ಧೋತರ ಉಟ್ಟು ಬಂದಿದ್ದ. ಜೇಬಿನಿಂದ ಫೋನ್ ತೆಗೆದು ಎತ್ತಿ ಹಿಡಿದೆ. ಗೆದ್ದವನ ಹಾಗೆ.

ಯಾರೂ ಕೇಕೆ ಹಾಕಲಿಲ್ಲ.

ಮರಗಮ್ಮ ಬಾಗಿಲಲ್ಲಿ ನಿಂತಿದ್ದಳು.

"ಅಣ್ಣಾ, ಫೋನ್ ಯಾಕ ಬಂದ್ ಇಟ್ಟಿದಿ?"

"ಅವರು ಹುಡುಕ್ತಾರಂತ..."

"ನಾನೂ ಹುಡುಕಾಕತ್ತಿದ್ದೆ. ಇಪ್ಪತ್ತು ಸಲ ಮಾಡೀನಿ."

ಅವಳು ಬಾಗಿಲಿಗೆ ಅಂಟಿಸಿದ ಹಾಳೆ ತೋರಿಸಿದಳು. ಮರಾಠಿಯಲ್ಲಿತ್ತು. ಇಷ್ಟು ವರ್ಷದಲ್ಲಿ ನನಗೆ ಅಷ್ಟು ಓದಲು ಬರುತ್ತದೆ. ಒಂದು ನಂಬರಿಗೆ ಒಂದೇ ಮತ; ಹೆಚ್ಚು ಹೆಸರಿದ್ದರೆ ಅಷ್ಟೂ ಮತ ತಡೆಹಿಡಿಯಲಾಗುವುದು. ಬೇರೆಯವರ ನಂಬರ್ ಕೊಟ್ಟ ಸದಸ್ಯರು ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ತಮ್ಮ ಸ್ವಂತ ನಂಬರ್ ಬರೆಸಬೇಕು. ಬದಲಾಯಿಸಲು ಹಳೆಯ ನಂಬರಿಗೆ ಬರುವ ಓಟಿಪಿ ಬೇಕು.

"ಯಾವಾಗ ಹಚ್ಚಿದ್ರು ಇದನ್ನ?"

"ಒಂಬತ್ತೂಕಾಲಿಗೆ. ಎಲ್ಲಾರೂ ರೀಚಾರ್ಜ್ ಹೊಡಿಸಿ ಫೋನ್ ಹಿಡ್ಕೊಂಡು ನಿಂತಾರ. ನಿನ್ನ ಫೋನಿನ ಆ ಆರು ಅಂಕಿ ಸಿಕ್ಕಿದ್ರ ಸಾಕಿತ್ತು..."

ಒಂಬತ್ತಕ್ಕೆ ಕಲ್ಯಾಣದ ಕಾಲ್. ಒಂಬತ್ತೂಕಾಲಿಗೆ ಹಾಳೆ. ಹನ್ನೆರಡು ಐದಕ್ಕೆ 'ಹೋ ಗಯಾ.'

ಅವರಿಗೆ ಫೋನ್ ಬೇಕಾಗಿರಲೇ ಇಲ್ಲ. ಅದು ನನ್ನ ಜೇಬಿನಲ್ಲಿ, ಸತ್ತು, ದಿವಾದಿಂದ ದೂರ ಇದ್ದರೆ ಸಾಕಾಗಿತ್ತು. ಮೂರು ತಾಸು ಅದನ್ನು ಜೀವ ಕೊಟ್ಟು ಕಾದವನು ನಾನು. ಅವರ ಕೆಲಸ ನಾನೇ ಮಾಡಿಕೊಟ್ಟೆ.

ಒಳಗೆ ನುಗ್ಗಿದೆ. ಟೇಬಲ್ಲಿನ ಹಿಂದೆ ವಿಷ್ಣುಮೂರ್ತಿ. ಠಾಣೆಯಲ್ಲಿ ಹೋಟೆಲ್ ಇಟ್ಟವರು, ಪಕ್ಷ ಕಳಿಸಿದ ನಿರೀಕ್ಷಕರು. ನಮ್ಮ ಫಾರ್ಮುಗಳನ್ನು ನಾಕಾಕ್ಕೆ ಬಂದು ಎಣಿಸಿ ಒಯ್ದವರೂ ಅವರೇ.

"ಈ ಫಾರ್ಮ್ ತಗೊಂಡಾಗ ನಂಬರ್ ನೋಡಿರಲಿಲ್ಲೇನು ನೀವು?"

"ನೋಡಿದ್ದೆ."

"ಆವಾಗ ಯಾಕ ಹೇಳಲಿಲ್ಲ?"

"ಆಗ ಸದಸ್ಯರು ಬೇಕಿತ್ತಲ್ಲ. ಈಗ ನಿಯಮ ಬೇಕು." ಕನ್ನಡಕ ಒರೆಸಿಕೊಂಡರು. "ನಾನು ಎಂತ ಮಾಡ್ಲಿಕ್ಕಾಗ್ತದೆ ಹೇಳಿ? ಮೇಲಿಂದ ಬಂದದ್ದು. ನನಗೂ ಹೆಂಡತಿ ಮಕ್ಕಳುಂಟು."

ಪಕ್ಕದ ಕುರ್ಚಿಯಿಂದ ಸುಪ್ರೀತ್ ಎದ್ದ. ಬಿಳಿ ಅಂಗಿ. ಮೆತ್ತಗಿನ ದನಿ.

"ಅಂಕಲ್, ಬೇಜಾರು ಮಾಡ್ಕೋಬೇಡಿ. ನೀವೇ ಯೋಚನೆ ಮಾಡಿ. ಮುನ್ನೂರು ಜನರ ವೋಟು ಒಬ್ಬರ ಜೇಬಲ್ಲಿದ್ರೆ ಹೊರಗಿನವರು ಏನಂತಾರೆ? ಎಲೆಕ್ಷನ್ ಮೇಲೆ ಜನಕ್ಕೆ ಟ್ರಸ್ಟ್ ಇರ್ಬೇಕಲ್ವಾ?"

ಟ್ರಸ್ಟ್!

ಅವನ ಬಿಳಿ ಕಾಲರಿಗೆ ನನ್ನ ಕೈ ಹೋಯಿತು. ಎರಡು ಗುಂಡಿ ಕಿತ್ತು ಬಿದ್ದವು. ಸುಪ್ರೀತ್ ಕದಲಲಿಲ್ಲ. ಕಣ್ಣು ನನ್ನ ಹೆಗಲಾಚೆ ನೋಡಿತು. ತಿರುಗಿದೆ. ಬೂಬ ಗೋಡೆಗೆ ಒರಗಿ ನಿಂತಿದ್ದ. ಕಚ್ಚಿಸಿಕೊಂಡ ಕೈಗೆ ಕರ್ಚೀಫು ಕಟ್ಟಿದ್ದ. ಇನ್ನೊಂದು ಕೈಯಲ್ಲಿ ಮೊಬೈಲ್. ವಿಡಿಯೋ ಮಾಡುತ್ತಿದ್ದ.

"ಹೊಡಿ ಮಾರಾಯ," ಅಂದ. "ಲೈಟು ಚೆಂದ ಉಂಟು."

ಮರಗಮ್ಮ ನನ್ನ ಮಣಿಕಟ್ಟು ಹಿಡಿದಳು. ಸಿಮೆಂಟ್ ತಿಂದ ಅಂಗೈ, ಉಪ್ಪುಕಾಗದದ ಹಾಗೆ.

"ಕೈ ತಗಿ ಅಣ್ಣಾ. ಇನ್ನ ಅದೊಂದು ಬಾಕಿ ಇತ್ತೇನು?"

ತೆಗೆದೆ.

ಐದು ಗಂಟೆಗೆ ಫಲಿತಾಂಶ ಓದಿದರು. ಸುಪ್ರೀತ್ ಇನ್ನೂರ ಹದಿಮೂರು. ಮರಗಮ್ಮ ಅರವತ್ತೈದು. ತಡೆಹಿಡಿದದ್ದು ಮುನ್ನೂರ ಹನ್ನೆರಡು. ಒಂದು ಹಾರ, ಒಂದು ಫೋಟೋ. ಅಷ್ಟೇ.

ಸಾಲು ಕರಗಿತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸಿದ್ರಾಮ ಹೋಗುತ್ತಾ ನನ್ನ ಹತ್ತಿರ ಒಂದು ಗಳಿಗೆ ನಿಂತ.

"ನನ್ನ ಫಾರ್ಮಿನಾಗ ಇರೂ ನಿನ್ನ ನಂಬರ್ ತಗಸು, ಮುಕಾದಮ. ಎಲ್ಲಾ ಫಾರ್ಮಿಂದೂ." ಗೋಡೆಯ ಪೋಸ್ಟರ್ ಕಡೆ ಕೈ ಮಾಡಿದ. "ಮತ್ತ ಅವರು ಮುಂದ ಕರದ್ರ ನಾ ಬರೂದಿಲ್ಲ. ಖರೇ ಎಲೆಕ್ಷನ್ನಿಗೂ ಬರೂದಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಅವನು ನನಗೆ ಎದುರು ಮಾತಾಡಿದ್ದು ಅದೇ ಮೊದಲು.

ಫಾಟಕದ ಹತ್ತಿರ ಮರಗಮ್ಮ ಒಂದು ಕಲ್ಲಿನ ಮೇಲೆ ಕೂತಳು. ನಾನು ಪಕ್ಕದಲ್ಲಿ ನಿಂತೆ. ಆ ಇಪ್ಪತ್ತು ನಿಮಿಷದ ನೀರಿಗೆ ಚಾಳಿನ ಹೆಂಗಸರು ಕೊಡ ಹಿಡಿದು ಓಡುತ್ತಿದ್ದರು. ಅವಳು ಏಳಲಿಲ್ಲ.

"ಈಗರೆ ಫೋನ್ ಚಾಲೂ ಮಾಡು," ಅಂದಳು. "ಊರಿಂದ ಯಾರರೆ ಮಾಡಿರಬೇಕು."

ಮಾಡಿದೆ. ಮೊದಲು ಅವಳ ಇಪ್ಪತ್ತು ಮಿಸ್ಡ್ ಕಾಲ್ ಬಂದವು. ಆಮೇಲೆ ಮೆಸೇಜು. ಟಿಂಗ್. ಮತ್ತೊಂದು ಟಿಂಗ್. ನಿಲ್ಲಲೇ ಇಲ್ಲ... ಅಂಗೈಯಲ್ಲಿ ಫೋನ್ ಬಿಸಿಯಾಯಿತು. ಎಲ್ಲವೂ ಪಕ್ಷದವು. ಎಲ್ಲದರಲ್ಲೂ ಅದೇ ಒಂದು ಸಾಲು: 'ಪಾರದರ್ಶಕ ಆಯ್ಕೆಯಲ್ಲಿ ಪಾಲ್ಗೊಂಡದ್ದಕ್ಕೆ ಧನ್ಯವಾದ. ನಿಮ್ಮ ನಂಬಿಕೆಯೇ ನಮ್ಮ ಶಕ್ತಿ.'

"ಎಷ್ಟು ಬಂದ್ವು?" ಮರಗಮ್ಮ ಕೇಳಿದಳು.

ನಿಂತ ಮೇಲೆ ನೋಡಿದೆ. ಮುನ್ನೂರ ಹನ್ನೆರಡು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಆ ಪಕ್ಷಕ್ಕೆ ಎಣಿಸಲು ಬರುವುದಿಲ್ಲ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿ. ಫೋನ್ ತೋರಿಸುತ್ತೇನೆ.